ಭಗ್ನ ಕಟ್ಟಡ, ಅಖಂಡ ಕಟ್ಟಡ: ಯುದ್ಧಕಾಲದ ಚಿತ್ರಗಳು ಮತ್ತು ಕೋಲಾರ ಸೀಮೆಯ ಚರಿತ್ರೆ

ಯುದ್ಧಗಳ ಚರಿತ್ರೆಯನ್ನು ಬರೆಯುವ ವಿದ್ವಾಂಸರು ಸಾಮಾನ್ಯವಾಗಿ ಆಶ್ರಯಿಸುವುದು ಶಾಸನ, ಕೈಫಿಯತ್ತು, ಕಡತ, ಪತ್ರವ್ಯವಹಾರ ಹಾಗೂ ಸೇನಾಧಿಕಾರಿಗಳ ದಿನಚರಿಗಳಂತಹ ಲಿಖಿತ ಆಕರಗಳನ್ನು. ಯುದ್ಧದ ಸಮಯದಲ್ಲಿಯೇ ಸಿದ್ಧವಾಗಿ, ಮುದ್ರಣಗೊಂಡು, ದೂರದ ಓದುಗರ ಕೈಸೇರಿದ ಚಿತ್ರಗಳನ್ನು ಈ ಆಕರಗಳ ಸಾಲಿನಲ್ಲಿ ಕೂರಿಸುವ ಪ್ರಯತ್ನ ಕನ್ನಡದಲ್ಲಿ ಹೆಚ್ಚಾಗಿ ನಡೆದಿಲ್ಲ. ಚಿತ್ರವು ಗ್ರಂಥದ ಪುಟವನ್ನು ಅಲಂಕರಿಸುವ ಸಾಮಗ್ರಿಯೆಂದೇ ಬಹುಮಟ್ಟಿಗೆ ಪರಿಗಣಿತವಾಗಿದೆ. ಆದರೆ ಯುದ್ಧಕಾಲದ ಚಿತ್ರವೂ ಒಂದು ದಾಖಲೆ. ಅದಕ್ಕೂ ಕರ್ತೃವಿದ್ದಾನೆ, ಉದ್ದೇಶವಿದೆ, ಅದು ಹೇಳದೆ ಬಿಟ್ಟ ಸಂಗತಿಗಳಿವೆ.

ಇಂತಹ ಚಿತ್ರಗಳಲ್ಲಿ ಮನುಷ್ಯರಿಗಿಂತ ಕಟ್ಟಡಗಳೇ ಮುಖ್ಯ ಸ್ಥಾನವನ್ನು ಪಡೆದಿರುವುದು ಗಮನಾರ್ಹ. ಗುಂಡೇಟಿಗೆ ಸಿಕ್ಕಿ ಕುಸಿದ ಗೋಪುರ ಹಾಗೂ ಅದೇ ಗೋಪುರ ಕುಸಿಯುವ ಮೊದಲು ನಿಂತಿದ್ದ ಬಗೆ, ಇವೆರಡನ್ನೂ ತೋರಿಸುವ ಚಿತ್ರಗಳು ಯುರೋಪಿನಲ್ಲಿ 1914ರ ನಂತರ ಅಪಾರ ಸಂಖ್ಯೆಯಲ್ಲಿ ಪ್ರಚಾರಕ್ಕೆ ಬಂದವು. ಅದಕ್ಕಿಂತ ಒಂದು ಶತಮಾನಕ್ಕೂ ಹಿಂದೆ, 1790–92ರ ಮೂರನೆಯ ಮೈಸೂರು ಯುದ್ಧದ ಸಂದರ್ಭದಲ್ಲಿ, ಕರ್ನಾಟಕದ ಕೋಟೆ, ಅರಮನೆ, ಗೋರಿಗಳೂ ಇದೇ ಬಗೆಯ ದೃಷ್ಟಿಗೆ ಒಳಗಾಗಿದ್ದವು. ಈ ಎರಡು ಚಿತ್ರಪರಂಪರೆಗಳನ್ನು ಒಟ್ಟಿಗಿಟ್ಟು ನೋಡಿ, ಅವುಗಳ ಬೆಳಕಿನಲ್ಲಿ ಮುಳಬಾಗಿಲು ತಾಲ್ಲೂಕಿನ ತಾಯಲೂರಿನಂತಹ, ಸೇನಾಮಾರ್ಗದ ಆಸುಪಾಸಿನ ಊರುಗಳ ಚರಿತ್ರೆಯನ್ನು ಹೇಗೆ ಗ್ರಹಿಸಬೇಕೆಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಫ್ರಾನ್ಸಿನ ಯುದ್ಧಕಾಲದ ಅಂಚೆ ಕಾರ್ಡುಗಳು

ಅಂಚೆ ಕಾರ್ಡು 1869ರಲ್ಲಿ ಆಸ್ಟ್ರಿಯಾ–ಹಂಗೇರಿಯಲ್ಲಿ ಮೊದಲು ಬಳಕೆಗೆ ಬಂದಿತು. ಬ್ರಿಟಿಷ್ ಇಂಡಿಯಾದಲ್ಲಿ 1879ರಲ್ಲಿ ಕಾಲಾಣೆ ಬೆಲೆಯ ಕಾರ್ಡು ಆರಂಭವಾಯಿತು. ಮೈಸೂರು ಸಂಸ್ಥಾನವು ತನ್ನದೇ ಆದ ‘ಅಂಚೆ’ ವ್ಯವಸ್ಥೆಯನ್ನು ಹೊಂದಿದ್ದು, ಅದು 1889ರಲ್ಲಿ ಸಾಮ್ರಾಜ್ಯದ ಅಂಚೆಯೊಡನೆ ವಿಲೀನವಾಯಿತು. ಒಂದು ಬದಿಯಲ್ಲಿ ಚಿತ್ರವನ್ನು ಮುದ್ರಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ವ್ಯಾಪಕವಾಯಿತು. ಫ್ರಾನ್ಸಿನಲ್ಲಿ ನರ್ದೆಯಿನ್, ಲೆವಿ ಮೊದಲಾದ ಪ್ರಕಾಶನ ಸಂಸ್ಥೆಗಳು ದೊಡ್ಡ ನಗರಗಳ ಜೊತೆಗೆ ಸಣ್ಣ ಊರುಗಳ ಚರ್ಚು, ಪುರಭವನ, ಸಂತೆಬೀದಿಗಳನ್ನೂ ಛಾಯಾಚಿತ್ರವಾಗಿಸಿ, ಕೊಲೊಟೈಪ್ ವಿಧಾನದಲ್ಲಿ ಕಡಿಮೆ ವೆಚ್ಚದಲ್ಲಿ ಮುದ್ರಿಸುತ್ತಿದ್ದವು. ಹೀಗಾಗಿ 1914ರ ಆಗಸ್ಟ್‌ನಲ್ಲಿ ಯುದ್ಧ ಆರಂಭವಾಗುವ ವೇಳೆಗೆ ಆ ದೇಶದ ಅಸಂಖ್ಯಾತ ಕಟ್ಟಡಗಳ ಅಖಂಡ ರೂಪ ಕಾರ್ಡುಗಳಲ್ಲಿ ದಾಖಲಾಗಿತ್ತು.

ಯುದ್ಧ ಈ ಸಂಗ್ರಹಕ್ಕೆ ಹೊಸ ಅರ್ಥವನ್ನು ತಂದಿತು. 1914ರ ಸೆಪ್ಟೆಂಬರ್ 19ರಂದು ಜರ್ಮನ್ ಫಿರಂಗಿಗಳ ದಾಳಿಯಿಂದ ರೀಮ್ಸ್ ನಗರದ ಕೆಥೀಡ್ರಲ್ ಹೊತ್ತಿಕೊಂಡಿತು. ದುರಸ್ತಿಗಾಗಿ ಗೋಪುರಕ್ಕೆ ಕಟ್ಟಿದ್ದ ಮರದ ಸಾರುವೆಗೆ ಬೆಂಕಿ ತಗುಲಿ, ಅದು ಚಾವಣಿಗೆ ಹರಡಿ, ಚಾವಣಿಯ ಸೀಸ ಕರಗಿ ಸುರಿಯಿತು. ಫ್ರಾನ್ಸಿನ ದೊರೆಗಳ ಪಟ್ಟಾಭಿಷೇಕ ನಡೆಯುತ್ತಿದ್ದ ಸ್ಥಳವಾದುದರಿಂದ ಈ ಘಟನೆ ಇಡೀ ದೇಶವನ್ನು ಕಲಕಿತು. ಅದೇ ವರ್ಷದ ಅಕ್ಟೋಬರ್ 21ರಂದು ಅರಾಸ್ ನಗರದ ಪುರಭವನದ ಗಂಟೆಗೋಪುರ ಉರುಳಿತು. ಪ್ರಕಾಶಕರು ಯುದ್ಧಪೂರ್ವದ ಚಿತ್ರಗಳನ್ನು ಹೊರತೆಗೆದು, ಅವುಗಳ ಪಕ್ಕದಲ್ಲಿ ಭಗ್ನಾವಶೇಷದ ಚಿತ್ರವನ್ನಿಟ್ಟು, ‘ದಾಳಿಗೆ ಮೊದಲು’ ಮತ್ತು ‘ದಾಳಿಯ ನಂತರ’ ಎಂಬ ಒಕ್ಕಣೆಯೊಡನೆ ಮಾರಾಟ ಮಾಡಿದರು. ಈ ಕಾರ್ಡುಗಳು ಸರ್ಕಾರದ ಪರಿಶೀಲನೆಗೆ ಒಳಪಟ್ಟು ಹೊರಬರುತ್ತಿದ್ದವು. ಅನುಮತಿಯ ಸೂಚನೆ ಮತ್ತು ಸಂಖ್ಯೆ ಅನೇಕ ಕಾರ್ಡುಗಳ ಅಂಚಿನಲ್ಲಿಯೇ ಮುದ್ರಿತವಾಗಿರುವುದನ್ನು ಕಾಣಬಹುದು.

ಈ ಅನುಮತಿಯ ಗುರುತು ಚಿತ್ರದಷ್ಟೇ ಮುಖ್ಯವಾದ ಸಾಕ್ಷಿ. ಸತ್ತ ಸೈನಿಕರ ಶರೀರವನ್ನು ತೋರಿಸುವುದು ಜನರ ಧೈರ್ಯವನ್ನು ಕುಂದಿಸಬಹುದಾಗಿತ್ತು. ಕಂದಕಗಳ ನೆಲೆಯನ್ನು ತೋರಿಸುವುದು ಶತ್ರುವಿಗೆ ಅನುಕೂಲವಾಗಬಹುದಾಗಿತ್ತು. ಕುಸಿದ ಚರ್ಚಿನಿಂದ ಈ ಎರಡು ಅಪಾಯಗಳೂ ಇರಲಿಲ್ಲ. ಅದು ಶತ್ರುವಿನ ಅನಾಗರಿಕತೆಗೆ ಪುರಾವೆಯಾಗಿ ನಿಲ್ಲುತ್ತಿತ್ತು. ಎಂದರೆ ಕಾರ್ಡಿನಲ್ಲಿ ಕಾಣುವ ಭಗ್ನ ಕಟ್ಟಡವು ತೋರಿಸಲಾಗದ ಭಗ್ನ ದೇಹಗಳ ಪ್ರತಿನಿಧಿಯಾಗಿದೆ.

ಚಿತ್ರ ಸತ್ಯವಾಗಿದ್ದರೂ ಒಕ್ಕಣೆ ಕಥೆಯ ಅರ್ಧವನ್ನು ಮಾತ್ರ ಹೇಳಬಹುದು ಎಂಬುದಕ್ಕೆ ಸೊಮ್ ಪ್ರಾಂತದ ಆಲ್ಬೇರ್ ಪಟ್ಟಣದ ಬೆಸಿಲಿಕಾ ಉತ್ತಮ ನಿದರ್ಶನ. ಅದರ ಗೋಪುರದ ತುದಿಯಲ್ಲಿದ್ದ ಮೇರಿಮಾತೆಯ ಪ್ರತಿಮೆ 1915ರ ಜನವರಿಯಲ್ಲಿ ಜರ್ಮನ್ ಗುಂಡಿನೇಟಿಗೆ ವಾಲಿ, ಬೀಳದೆ ಹಾಗೆಯೇ ಉಳಿಯಿತು. ವಾಲಿದ ಪ್ರತಿಮೆಯ ಚಿತ್ರ ಅಸಂಖ್ಯಾತ ಕಾರ್ಡುಗಳಲ್ಲಿ ಪ್ರಚಾರವಾಯಿತು. ಆದರೆ 1918ರಲ್ಲಿ ಪಟ್ಟಣ ಜರ್ಮನರ ವಶವಾದಾಗ, ಆ ಗೋಪುರ ಶತ್ರುವಿಗೆ ವೀಕ್ಷಣಾಸ್ಥಾನವಾಗಬಾರದೆಂದು ಅದನ್ನು ಕೊನೆಗೂ ಉರುಳಿಸಿದ್ದು ಬ್ರಿಟಿಷ್ ಫಿರಂಗಿಗಳು.

ಈ ಯುದ್ಧಭೂಮಿಗೂ ಭಾರತಕ್ಕೂ ನೇರ ಸಂಬಂಧವಿತ್ತು. 1914ರ ಸೆಪ್ಟೆಂಬರ್ ಕೊನೆಯಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಭಾರತೀಯ ಸೇನೆಯ ತುಕಡಿಗಳೂ ಫ್ರೆಂಚ್ ಕಾರ್ಡುಗಳ ವಸ್ತುವಾದವು. 1915ರ ಮಾರ್ಚ್‌ನಲ್ಲಿ ಈ ಸೈನಿಕರು ಹೋರಾಡಿದ ನವ್ ಶಪೆಲ್ ಗ್ರಾಮದ ಬಳಿ 1927ರಲ್ಲಿ ಭಾರತೀಯರ ಸ್ಮಾರಕವೊಂದು ಉದ್ಘಾಟನೆಯಾಯಿತು. ಮೈಸೂರು ಸಂಸ್ಥಾನದ ಅಶ್ವದಳ ಸೇವೆ ಸಲ್ಲಿಸಿದ್ದು ಫ್ರಾನ್ಸಿನಲ್ಲಲ್ಲ, ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ರಂಗಗಳಲ್ಲಿ. 1918ರ ಸೆಪ್ಟೆಂಬರ್ 23ರ ಹೈಫಾ ಕಾಳಗದಿಂದ ಅದು ಹೆಸರಾಗಿದೆ. ಆದುದರಿಂದ ಫ್ರಾನ್ಸಿನ ಕಾರ್ಡುಗಳಿಗೆ ಸಮಾನವಾದ ಸಾಮಗ್ರಿಯನ್ನು ಕರ್ನಾಟಕದ ನೆಲದಲ್ಲಿ ಹುಡುಕುವವರು ಮೊದಲ ಮಹಾಯುದ್ಧದ ಕಾಲವನ್ನು ಬಿಟ್ಟು, ಯುದ್ಧ ಈ ನೆಲದ ಮೇಲೆಯೇ ನಡೆದ ಹದಿನೆಂಟನೆಯ ಶತಮಾನಕ್ಕೆ ಹೋಗಬೇಕಾಗುತ್ತದೆ.

2. 1791ರ ಸೇನಾಮಾರ್ಗ ಮತ್ತು ಚಿತ್ರಕಾರರು

1791ರ ಫೆಬ್ರವರಿಯಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ನೇತೃತ್ವದ ಸೇನೆ ವೆಲ್ಲೂರಿನಿಂದ ಹೊರಟಿತು. ಆಂಬೂರಿನ ಕಡೆಯ ಕಣಿವೆಗಳಿಂದ ಮೇಲೇರುವಂತೆ ತೋರಿಸಿಕೊಂಡು, ಥಟ್ಟನೆ ಉತ್ತರಕ್ಕೆ ತಿರುಗಿ, ಚಿತ್ತೂರಿನ ಮಾರ್ಗವಾಗಿ ಮೊಗಿಲಿ ಕಣಿವೆಯನ್ನು ಹತ್ತಿ, ಪ್ರತಿರೋಧವಿಲ್ಲದೆ ಮೈಸೂರಿನ ಪ್ರಸ್ಥಭೂಮಿಯನ್ನು ಸೇರಿತು. ಅಲ್ಲಿಂದ ಮುಳಬಾಗಿಲು, ಕೋಲಾರ, ಹೊಸಕೋಟೆಗಳ ಮೂಲಕ ಅದು ಬೆಂಗಳೂರನ್ನು ತಲುಪಿದ್ದು ಮಾರ್ಚ್ 5ರಂದು. ಇಂದಿನ ಬೆಂಗಳೂರು–ಚೆನ್ನೈ ಹೆದ್ದಾರಿಯಲ್ಲಿ ನಂಗಲಿಯ ಕಡೆಯಿಂದ ಮುಳಬಾಗಿಲಿಗೆ ಬರುವವರು ಬಹುಮಟ್ಟಿಗೆ ಈ ದಾರಿಯಲ್ಲಿಯೇ ಸಾಗುತ್ತಾರೆ. ಹೋಬಳಿ ಕೇಂದ್ರವಾದ ತಾಯಲೂರು ಈ ದಾರಿಗೆ ಹೆಚ್ಚು ದೂರದಲ್ಲಿಲ್ಲ.

ಈ ಯುದ್ಧದ ಒಂದು ವಿಶೇಷವೆಂದರೆ ಚಿತ್ರ ಬರೆಯಬಲ್ಲ ಹಲವರು ಸೇನೆಯ ಜೊತೆಗಿದ್ದುದು. ವೃತ್ತಿಪರ ಚಿತ್ರಕಾರನಾದ ರಾಬರ್ಟ್ ಹೋಮ್ 1791ರಲ್ಲಿ ಮದರಾಸಿಗೆ ಬಂದು, ಸೇನೆಯನ್ನು ಅನುಸರಿಸಲು ಅನುಮತಿ ಪಡೆದನು. ಸ್ಥಳದಲ್ಲಿಯೇ ಬರೆದ ಅವನ ರೇಖಾಚಿತ್ರಗಳು ತಾಮ್ರಫಲಕದ ಕೆತ್ತನೆಗಳಾಗಿ, ಚಾರಿತ್ರಿಕ ವಿವರಣೆಗಳೊಡನೆ, 1794ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಅದೇ ವರ್ಷ ಅಲೆಗ್ಸಾಂಡರ್ ಆಲನ್ ಎಂಬ ಸೇನಾಧಿಕಾರಿಯ ಚಿತ್ರಸಂಪುಟವೂ ಹೊರಬಂದಿತು. ಮೋಜಣಿದಾರನಾಗಿದ್ದ ರಾಬರ್ಟ್ ಕೋಲ್‌ಬ್ರೂಕ್ ಮೈಸೂರು ರಾಜ್ಯದ ಹನ್ನೆರಡು ದೃಶ್ಯಗಳ ಸಂಪುಟವನ್ನು ಪ್ರಕಟಿಸಿದನು. ಫಿರಂಗಿದಳದ ಅಧಿಕಾರಿ ಜೇಮ್ಸ್ ಹಂಟರ್ 1792ರಲ್ಲಿಯೇ ತೀರಿಕೊಂಡರೂ ಅವನ ಚಿತ್ರಗಳು ವರ್ಣಲೇಪಿತ ಆಕ್ವಾಟಿಂಟ್ ಮುದ್ರಣಗಳಾಗಿ ಲಂಡನ್ನಿನ ಎಡ್ವರ್ಡ್ ಓರ್ಮ್‌ನಿಂದ 1804–05ರಲ್ಲಿ ಬೆಳಕು ಕಂಡವು.

ಅಂಚೆ ಕಾರ್ಡಿನಂತೆ ಇವು ಎಲ್ಲರ ಕೈಗೆಟಕುವ ವಸ್ತುಗಳಾಗಿರಲಿಲ್ಲ. ಇವು ದುಬಾರಿ ಗ್ರಂಥಗಳು. ಆದರೂ ಕೆಲಸ ಒಂದೇ: ದೂರದ ಯುದ್ಧವನ್ನು ಮನೆಯಲ್ಲಿ ಕುಳಿತವರ ಕಣ್ಣಿಗೆ ಕಟ್ಟಡಗಳ ಮೂಲಕ ಮುಟ್ಟಿಸುವುದು. ವ್ಯತ್ಯಾಸ ಇರುವುದು ಕಟ್ಟಡದ ಸ್ಥಿತಿಗೆ ಹಚ್ಚಿದ ಅರ್ಥದಲ್ಲಿ. ಫ್ರಾನ್ಸಿನ ಕಾರ್ಡು ತನ್ನವರ ಕಟ್ಟಡವನ್ನು ಶತ್ರು ಕೆಡವಿದುದನ್ನು ತೋರಿಸುತ್ತದೆ. ಆದುದರಿಂದ ಅಲ್ಲಿ ಭಗ್ನತೆಯೇ ಮುಖ್ಯ. ಮೈಸೂರಿನ ಚಿತ್ರಗಳು ಶತ್ರುವಿನ ಕಟ್ಟಡವನ್ನು ತನ್ನವರು ಗೆದ್ದುದನ್ನು ತೋರಿಸುತ್ತವೆ. ಆದುದರಿಂದ ಇಲ್ಲಿ ಅಖಂಡತೆಗೆ ಬೆಲೆ. ಸಾವನದುರ್ಗ, ಉತ್ತರಿದುರ್ಗ, ರಾಮಗಿರಿಗಳಂತಹ ಗಿರಿದುರ್ಗಗಳು ಈ ಸಂಪುಟಗಳಲ್ಲಿ ದೂರದಿಂದ ಕಂಡ ಬೃಹತ್ ಶಿಲಾರಾಶಿಗಳಾಗಿ ಮತ್ತೆ ಮತ್ತೆ ಬರುತ್ತವೆ. 1791ರ ಡಿಸೆಂಬರ್‌ನಲ್ಲಿ ಸಾವನದುರ್ಗ ಬ್ರಿಟಿಷರ ವಶವಾಗಿತ್ತು. ದುರ್ಗ ಎಷ್ಟು ಅಭೇದ್ಯವಾಗಿ ಕಂಡರೆ ಅದನ್ನು ಗೆದ್ದವರ ಕೀರ್ತಿ ಅಷ್ಟು ಹೆಚ್ಚುತ್ತದೆ ಎಂಬ ತರ್ಕ ಇಲ್ಲಿ ಸ್ಪಷ್ಟ.

3. ಬೆಂಗಳೂರು ಕೋಟೆಯ ನಿದರ್ಶನ

ಭಗ್ನ ಮತ್ತು ಅಖಂಡ ಎಂಬ ಎರಡು ಸ್ಥಿತಿಗಳೂ ಒಂದೇ ಆವರಣದಲ್ಲಿ ದೊರೆಯುವುದು ಬೆಂಗಳೂರಿನ ಕೋಟೆಯಲ್ಲಿ. ಕೆಂಪೇಗೌಡನ ಕಾಲದ ಮಣ್ಣಿನ ಕೋಟೆಯನ್ನು ಹೈದರಾಲಿ 1761ರ ನಂತರ ಕಲ್ಲಿನಲ್ಲಿ ಬಲಪಡಿಸಿದ್ದನು. 1791ರ ಮಾರ್ಚ್ 7ರಂದು ಪೇಟೆ ಬ್ರಿಟಿಷರ ವಶವಾಯಿತು. ಪೇಟೆಯ ಬಾಗಿಲಿನಲ್ಲಿ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಸತ್ತನು. ಈ ಸಾವನ್ನು ಹೋಮ್ ಮುಂದೆ ದೊಡ್ಡ ವರ್ಣಚಿತ್ರಕ್ಕೆ ವಸ್ತುವಾಗಿಸಿಕೊಂಡನು. ಮಾರ್ಚ್ 21ರ ರಾತ್ರಿ, ಫಿರಂಗಿಗಳು ಮಾಡಿದ ಬಿರುಕಿನ ಮೂಲಕ ಸೇನೆ ಕೋಟೆಯೊಳಗೆ ನುಗ್ಗಿತು. ಕಿಲ್ಲೇದಾರ ಬಹದ್ದೂರ್ ಖಾನ್ ಹೋರಾಡುತ್ತಲೇ ಮಡಿದನು. ದೆಹಲಿ ಬಾಗಿಲಿನ ಸಮೀಪ ಆ ಬಿರುಕಿನ ಸ್ಥಳವನ್ನು ಸೂಚಿಸುವ ಫಲಕವೊಂದಿದೆ.

ಚಿತ್ರಕಾರರು ಕೋಟೆಯ ಒಳಗೂ ಕುಂಚ ಹಿಡಿದರು. ಹಂಟರ್‌ನ ಚಿತ್ರಗಳಲ್ಲಿ ದೆಹಲಿ ಬಾಗಿಲು, ಅರಮನೆಗೆ ಹೋಗುವ ಬೀದಿ, ಅರಮನೆಯ ಮುಂದಿನ ಚೌಕ, ಅದರ ಪ್ರವೇಶದ್ವಾರಗಳು ಕಾಣುತ್ತವೆ. ಗೆದ್ದವರ ಸಂತೃಪ್ತಿ ಈ ಚಿತ್ರಗಳ ಹಿಂದಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಅವುಗಳಿಂದ ದೊರೆಯುವ ಮಾಹಿತಿ ಆ ಉದ್ದೇಶವನ್ನು ಮೀರಿದೆ.

ಕೋಟೆಯ ಮುಂದಿನ ಕಥೆ ಇದನ್ನು ತೋರಿಸುತ್ತದೆ. 1792ರ ಮಾರ್ಚ್‌ನ ಶ್ರೀರಂಗಪಟ್ಟಣದ ಒಪ್ಪಂದದ ಪ್ರಕಾರ ಬೆಂಗಳೂರು ಟಿಪ್ಪುವಿಗೆ ಮರಳಿತು. ಬ್ರಿಟಿಷರ ಫಿರಂಗಿಗಳ ಮುಂದೆ ಈ ಕೋಟೆ ನಿಷ್ಪ್ರಯೋಜಕವೆಂದು ಮನಗಂಡ ಟಿಪ್ಪು ಅದರ ರಕ್ಷಣಾ ಭಾಗಗಳನ್ನು ತಾನೇ ಕೆಡವಿಸಿದನು. 1800ರಲ್ಲಿ ಈ ಪ್ರಾಂತಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಬೆಂಗಳೂರಿಗೆ ಬಂದಾಗ ದಿವಾನ್ ಪೂರ್ಣಯ್ಯ ಅದನ್ನು ಮತ್ತೆ ದುರಸ್ತಿ ಮಾಡಿಸುತ್ತಿದ್ದನು. 1791ರಲ್ಲಿ ಕಟ್ಟಿ ಮುಗಿದಿದ್ದ ಅರಮನೆ 1831ರಿಂದ 1868ರವರೆಗೆ ಸರ್ಕಾರಿ ಕಚೇರಿಯಾಯಿತು. ಕಚೇರಿಗಳು ಅಠಾರಾ ಕಚೇರಿಗೆ ಹೋದ ಮೇಲೆ ಅರಮನೆಯ ಬಹುಭಾಗ ಕಣ್ಮರೆಯಾಯಿತು. ಕೋಟೆಯ ಗೋಡೆಗಳು ರಸ್ತೆ, ಆಸ್ಪತ್ರೆ, ಶಾಲೆಗಳಿಗೆ ಎಡೆಮಾಡಿಕೊಟ್ಟವು. ಇಂದು ಉಳಿದಿರುವುದು ದೆಹಲಿ ಬಾಗಿಲಿನ ಭಾಗ, ಒಂದು ಸಣ್ಣ ದೇವಾಲಯ ಹಾಗೂ ಅರಮನೆಯ ಒಂದು ಅಂಗ.

ಈ ಕ್ರಮವನ್ನು ಗಮನಿಸಿದಾಗ ಒಂದು ಮುಖ್ಯ ಸಂಗತಿ ವೇದ್ಯವಾಗುತ್ತದೆ. ಕೋಟೆಯನ್ನು ಹೆಚ್ಚಾಗಿ ನಾಶ ಮಾಡಿದ್ದು 1791ರ ಗುಂಡುಗಳಲ್ಲ. ಅದನ್ನು ನಾಶ ಮಾಡಿದ್ದು ಅನಂತರದ ನೂರು ವರ್ಷಗಳ ನೆಮ್ಮದಿಯ ಕಾಲ. ಯುದ್ಧ ಮಾಡಿದ ಬಿರುಕಿಗೆ ಫಲಕವಿದೆ. ಶಾಂತಿಕಾಲದಲ್ಲಿ ಹೋದ ಗೋಡೆಗೆ ಯಾವ ಫಲಕವೂ ಇಲ್ಲ. ಹೋದ ಗೋಡೆ, ಬೀದಿ, ಚೌಕಗಳ ಸ್ವರೂಪವನ್ನು ಅರಿಯಲು ಇಂದು ಉಳಿದಿರುವ ಮುಖ್ಯ ಆಧಾರಗಳಲ್ಲಿ ಒಂದು, ಅವು ಅಖಂಡವಾಗಿದ್ದಾಗ ಬರೆದ ಆ ಚಿತ್ರಗಳು. ಬರೆದ ಕಾಲದಲ್ಲಿ ವಿಜಯದ ಪ್ರದರ್ಶನವಾಗಿದ್ದ ಚಿತ್ರ ಕಾಲಾನಂತರದಲ್ಲಿ ವಾಸ್ತುವಿನ ದಾಖಲೆಯಾಗಿ ಪರಿವರ್ತನೆಗೊಂಡಿದೆ.

ಫ್ರಾನ್ಸಿನಲ್ಲಿಯೂ ಹಾಗೆಯೇ ಆಯಿತು. ಅರಾಸ್‌ನ ಗಂಟೆಗೋಪುರವನ್ನು ಮೊದಲಿನ ರೂಪದಲ್ಲಿಯೇ ಮತ್ತೆ ಕಟ್ಟಿದರು. ಆಂರಿ ದೆನ್ಯೂ ಎಂಬ ವಾಸ್ತುಶಿಲ್ಪಿಯ ಮೇಲ್ವಿಚಾರಣೆಯಲ್ಲಿ ಜೀರ್ಣೋದ್ಧಾರಗೊಂಡ ರೀಮ್ಸ್ ಕೆಥೀಡ್ರಲ್ 1938ರಲ್ಲಿ ಪೂರ್ಣವಾಗಿ ತೆರೆಯಿತು. ಒಂದು ಕಟ್ಟಡವನ್ನು ಮೊದಲಿದ್ದಂತೆ ಕಟ್ಟಬೇಕಾದರೆ ಮೊದಲು ಹೇಗಿತ್ತೆಂದು ತಿಳಿದಿರಬೇಕು. ಆ ತಿಳಿವಳಿಕೆಯನ್ನು ಕೊಡುವುದು ಅಳತೆಯ ನಕ್ಷೆಗಳು ಮತ್ತು ಅಖಂಡ ಕಟ್ಟಡದ ಚಿತ್ರಗಳು, ಭಗ್ನ ಕಟ್ಟಡದ ಚಿತ್ರಗಳಲ್ಲ. ಭಗ್ನ ಚಿತ್ರ ಮರುಕವನ್ನು ಹುಟ್ಟಿಸುತ್ತದೆ, ಅಖಂಡ ಚಿತ್ರ ಮರುನಿರ್ಮಾಣಕ್ಕೆ ನೆರವಾಗುತ್ತದೆ.

4. ಚಿತ್ರವಿಲ್ಲದ ಊರುಗಳು

ಮೇಲಿನ ವಿವೇಚನೆಯಿಂದ ಮತ್ತೊಂದು ಪ್ರಶ್ನೆ ಏಳುತ್ತದೆ. ಸೇನೆ ಮುತ್ತಿಗೆ ಹಾಕಿ ನಿಂತ ಸ್ಥಳಗಳಿಗೆ ಚಿತ್ರ ದೊರೆಯಿತು. ಸೇನೆ ಹಾದುಹೋದ ಸ್ಥಳಗಳ ಗತಿಯೇನು? ಮೊಗಿಲಿ ಕಣಿವೆಯಿಂದ ಬೆಂಗಳೂರಿನವರೆಗಿನ ದಾರಿಯಲ್ಲಿ ದೊಡ್ಡ ಕಾಳಗ ನಡೆಯಲಿಲ್ಲ. ಕೋಲಾರ, ಹೊಸಕೋಟೆಗಳು ಹೆಚ್ಚಿನ ಪ್ರತಿರೋಧವಿಲ್ಲದೆ ವಶವಾದವು. ಆದರೆ ಸಾವಿರಾರು ಎತ್ತು, ಕುದುರೆ, ಆನೆಗಳು, ಸೈನಿಕರಿಗಿಂತ ಹಲವು ಪಟ್ಟು ಹೆಚ್ಚಾದ ಪರಿವಾರದ ಜನ, ದವಸ ಹೊತ್ತ ಬಂಜಾರರು ಹಾದುಹೋಗುವ ದಾರಿಯಲ್ಲಿ ಹುಲ್ಲು, ನೀರು, ಧಾನ್ಯ ಉಳಿಯುವುದು ಕಷ್ಟ. ಶತ್ರುವಿಗೆ ಮೇವು ಸಿಗಬಾರದೆಂದು ಟಿಪ್ಪುವಿನ ಅಶ್ವದಳ ಸುಡುವುದು ಒಂದು ಕಡೆ, ಬ್ರಿಟಿಷ್ ಸೇನೆಯ ಬೆನ್ನಿಗೆ ಬಂದವರು ಸುಲಿಯುವುದು ಮತ್ತೊಂದು ಕಡೆ. ಇವೆರಡರ ನಡುವೆ ಸಿಕ್ಕ ಹಳ್ಳಿಯ ಮಾಳಿಗೆ ಮನೆಗೆ ಚಿತ್ರಕಾರನ ಪುಟದಲ್ಲಿ ಸ್ಥಳವಿರಲಿಲ್ಲ.

ಕಾಳಗ ನಡೆದಿದ್ದರೂ ಚಿತ್ರ ಖಚಿತವಾಗಿರಲಿಲ್ಲ. ಮೊದಲನೆಯ ಮೈಸೂರು ಯುದ್ಧದಲ್ಲಿ, 1768ರ ಅಕ್ಟೋಬರ್ 4ರಂದು, ಮುಳಬಾಗಿಲಿನ ಬಂಡೆಗಳ ನಡುವೆ ಹೈದರಾಲಿ ಮತ್ತು ಕರ್ನಲ್ ವುಡ್‌ನ ಸೇನೆಗಳ ನಡುವೆ ತೀವ್ರ ಹೋರಾಟ ನಡೆಯಿತು. ಸೋಲುವ ಹಂತದಲ್ಲಿದ್ದ ಬ್ರಿಟಿಷರನ್ನು ಕ್ಯಾಪ್ಟನ್ ಬ್ರೂಕ್ ಎಂಬ ಅಧಿಕಾರಿ ಒಂದು ತಂತ್ರದಿಂದ ಪಾರುಮಾಡಿದನು. ಅವನು ಕೆಲವೇ ಜನರೊಡನೆ ಎರಡು ಫಿರಂಗಿಗಳನ್ನು ಬಂಡೆಯ ಮೇಲಕ್ಕೆ ಸಾಗಿಸಿ, ಕರ್ನಲ್ ಸ್ಮಿತ್‌ನ ಸೇನೆ ಬಂದಿತೆಂದು ಕೂಗಿಸಿದನು. ಈ ಪ್ರಸಂಗವನ್ನು ವಿಲ್ಕ್ಸ್ ತನ್ನ ಚರಿತ್ರೆಯಲ್ಲಿ ದಾಖಲಿಸಿದ್ದಾನೆ. ಆದರೆ ಆ ಸೇನೆಯೊಡನೆ ಹೋಮ್‌ನಂತಹ ಚಿತ್ರಕಾರನಿರಲಿಲ್ಲ. ಹೀಗಾಗಿ ಚರಿತ್ರೆಯಲ್ಲಿ ಯಾವ ಸ್ಥಳ ಕಣ್ಣಿಗೆ ಕಾಣುತ್ತದೆ ಎಂಬುದು ಘಟನೆಯ ಮಹತ್ವವೊಂದನ್ನೇ ಅವಲಂಬಿಸಿಲ್ಲ. ಚಿತ್ರಕಾರ ಎಲ್ಲಿ ತಂಗಿದ್ದ ಎಂಬುದನ್ನೂ ಅವಲಂಬಿಸಿದೆ.

ಇಂತಹ ಊರುಗಳ ಸಂಕಟವನ್ನು ತಿಳಿಯಲು ಬೇರೆ ಆಕರಗಳಿಗೆ ಮೊರೆಹೋಗಬೇಕು. ಬೇತಮಂಗಲ, ಟೇಕಲ್ ಮಾರ್ಗವಾಗಿ 1800ರಲ್ಲಿ ಸಾಗಿದ ಬುಕನನ್‌ನ ದಿನಚರಿ ಅವುಗಳಲ್ಲಿ ಒಂದು. ಅವನ ಗಮನ ಕೋಟೆಗಿಂತ ಹೆಚ್ಚಾಗಿ ಕೆರೆ, ಬೆಳೆ, ಮಣ್ಣು, ಕೃಷಿಕರ ಸ್ಥಿತಿಗಳ ಕಡೆಗಿತ್ತು. ಇನ್ನೊಂದು, ಅದಕ್ಕಿಂತ ಬಹಳ ಹಿಂದಿನದು, ಈ ಸೀಮೆಯಲ್ಲಿ ಹೇರಳವಾಗಿರುವ ವೀರಗಲ್ಲುಗಳು. ಬಿ.ಎಲ್. ರೈಸ್ ಅವರು ಸಂಪಾದಿಸಿ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಗೆ ಮೀಸಲಾಗಿದೆ. ಗಂಗ, ಬಾಣ, ನೊಳಂಬ, ಚೋಳ ಅರಸುಮನೆತನಗಳ ಗಡಿಗಳು ಹೆಣೆದುಕೊಂಡಿದ್ದ ಈ ನಾಡಿನಲ್ಲಿ ಯುದ್ಧ ನಿತ್ಯದ ಸಂಗತಿಯಾಗಿತ್ತು ಎಂಬುದನ್ನು ಅದರ ಪುಟಗಳು ತಿಳಿಸುತ್ತವೆ.

ಕನ್ನಡ ವೀರಗಲ್ಲುಗಳ ಭಾಷೆಯಲ್ಲಿ ಗ್ರಾಮದ ನಾಶಕ್ಕೆ ‘ಊರಳಿವು’ ಎಂಬ ಪದವಿದೆ, ದನಗಳ ಅಪಹರಣಕ್ಕೆ ‘ತುಱುಗೋಳ್’ ಎಂಬುದಿದೆ, ಹೆಂಗಸರ ಮೇಲಿನ ದಾಳಿಯ ಸಂದರ್ಭಕ್ಕೆ ‘ಪೆಣ್ಬುಯ್ಯಲ್’ ಎಂಬುದಿದೆ. ಆದರೆ ಊರಳಿವಿನ ಕಲ್ಲಿನಲ್ಲಿ ಅಳಿದ ಊರಿನ ಚಿತ್ರವಿರುವುದಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರೊಡನೆ ವೀರನ ಸ್ವರ್ಗಾರೋಹಣ, ಮೇಲೆ ದೇವಸನ್ನಿಧಿ, ಇದು ಅದರ ಸಾಮಾನ್ಯ ಕ್ರಮ. ಅಲ್ಲಿ ಕಟ್ಟಡವೇನಾದರೂ ಕಂಡರೆ ಅದು ದೇವಲೋಕದ ವಿಮಾನ. ಫ್ರೆಂಚ್ ಕಾರ್ಡು ಮನುಷ್ಯನನ್ನು ಮರೆಮಾಡಿ ಕಟ್ಟಡವನ್ನು ತೋರಿಸಿದರೆ, ವೀರಗಲ್ಲು ಕಟ್ಟಡವನ್ನು ಬಿಟ್ಟು ಮನುಷ್ಯನನ್ನು ನಿಲ್ಲಿಸುತ್ತದೆ. ಒಂದು ಕಟ್ಟಿಸಿಕೊಳ್ಳಬಹುದಾದುದನ್ನು ನೆನೆದರೆ, ಇನ್ನೊಂದು ಮರಳಿ ಬಾರದವನನ್ನು ನೆನೆಯುತ್ತದೆ. ಈ ಎರಡರಲ್ಲಿ ಯಾವುದೊಂದೂ ಯುದ್ಧದ ಪೂರ್ಣ ದಾಖಲೆಯಲ್ಲ.

5. ಮುಕ್ತಾಯ

ಯುದ್ಧಕಾಲದ ಚಿತ್ರವನ್ನು ಆಕರವಾಗಿ ಬಳಸುವಾಗ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳುವುದು ಅಗತ್ಯ. ಕಟ್ಟಡ ಯಾರದು, ಚಿತ್ರ ಯಾರದು ಎಂಬುದು ಮೊದಲನೆಯದು. ಕಟ್ಟಡದ ಸ್ಥಿತಿಗೆ ಒಕ್ಕಣೆ ಕೊಡುವ ಕಾರಣ ಪೂರ್ಣವೇ ಎಂಬುದು ಎರಡನೆಯದು. ಅದೇ ದಾರಿಯಲ್ಲಿದ್ದೂ ಚಿತ್ರಕ್ಕೆ ಬಾರದ ಊರುಗಳಾವುವು ಎಂಬುದು ಮೂರನೆಯದು. ಬೆಂಗಳೂರಿನ ಕೋಟೆ ಮೊದಲ ಪ್ರಶ್ನೆಗೆ, ಆಲ್ಬೇರ್‌ನ ಗೋಪುರ ಎರಡನೆಯದಕ್ಕೆ, ತಾಯಲೂರಿನ ಸುತ್ತಲಿನ ಸೀಮೆ ಮೂರನೆಯದಕ್ಕೆ ಉತ್ತರ ಹುಡುಕುವ ದಾರಿಯನ್ನು ತೋರಿಸುತ್ತವೆ.

ಇವೆಲ್ಲಕ್ಕಿಂತ ಹೆಚ್ಚಾಗಿ, ಅಖಂಡ ಕಟ್ಟಡದ ಚಿತ್ರವೇ ಕಾಲಾನಂತರದಲ್ಲಿ ಹೆಚ್ಚು ಬೆಲೆಬಾಳುತ್ತದೆ ಎಂಬ ಮಾತು ಇಂದಿನ ಕ್ಷೇತ್ರಕಾರ್ಯಕ್ಕೂ ಅನ್ವಯಿಸುತ್ತದೆ. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಕೆರೆಯ ತೂಬು, ಕಲ್ಯಾಣಿ, ಮಣ್ಣಿನ ಬುರುಜು, ಮಾಳಿಗೆ ಮನೆ, ಅಶ್ವತ್ಥಕಟ್ಟೆ, ಊರ ಮುಂದಿನ ವೀರಗಲ್ಲುಗಳು ಯಾವ ಶತ್ರುವೂ ಇಲ್ಲದೆ ಕಡಿಮೆಯಾಗುತ್ತಿವೆ. ರಸ್ತೆ ಅಗಲವಾಗುತ್ತದೆ, ದೇವಾಲಯ ಜೀರ್ಣೋದ್ಧಾರಗೊಳ್ಳುತ್ತದೆ, ಹಳೆಯ ಗೋಡೆ ಹೊಸ ಪಾಯಕ್ಕೆ ಕಲ್ಲಾಗುತ್ತದೆ. ಬಿದ್ದ ಮೇಲೆ ತೆಗೆದ ಚಿತ್ರದಿಂದ ಬಿದ್ದಿತೆಂಬ ಸುದ್ದಿ ಮಾತ್ರ ಉಳಿಯುತ್ತದೆ. ಶಾಸನಗಳ ಪಾಠವನ್ನು ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ಈ ರಚನೆಗಳನ್ನು ಅವು ನಿಂತಿರುವಾಗಲೇ, ಅಳತೆ ಮತ್ತು ಸ್ಥಳನಿರ್ದೇಶನಗಳೊಡನೆ, ಗ್ರಾಮವಾರು ಚಿತ್ರೀಕರಿಸಿಡುವುದು ಸ್ಥಳೀಯ ಚರಿತ್ರೆಯ ಅಧ್ಯಯನ ಕೈಗೊಳ್ಳಬೇಕಾದ ಮೊದಲ ಕೆಲಸ. 1791ರಲ್ಲಿ ಈ ದಾರಿಯಲ್ಲಿ ಹೋದವರು ಬರೆಯದೆ ಬಿಟ್ಟ ಪುಟಗಳನ್ನು ಆಗ ಸ್ವಲ್ಪಮಟ್ಟಿಗಾದರೂ ತುಂಬಿದಂತಾಗುತ್ತದೆ.